ತಿದ್ದುಪಡಿಯನ್ನೊಲ್ಲದ ಕಂಪ್ಯೂಟರು

ನಮ್ಮ ಪತ್ರಿಕೆಯ ಹಳೆಯ ಗ್ರಾಹಕರೂ ನಿವೃತ್ತ ಉಪಾಧ್ಯಾಯರೂ ಆದ ಮಹನೀಯರೊಬ್ಬರು ಎರಡು ತಿಂಗಳ ಕೆಳಗೆ ನಮಗೊಂದು ಕಾಗದವನ್ನು ಬರೆದಿದ್ದರು. ಅವರ ಮನೆಯ ಕಂಪ್ಯೂಟರು ವಿಂಡೋಸ್ 11 ಎಂಬ ವ್ಯವಸ್ಥೆಯಿಂದ ನಡೆಯತಕ್ಕದ್ದು. ತಿಂಗಳು ತಿಂಗಳೂ ಬರುವ ಅಪ್‌ಡೇಟ್ ಎಂಬ ತಿದ್ದುಪಡಿಯನ್ನು ಅದು ಕೆಲಕಾಲದಿಂದ ಸ್ವೀಕರಿಸಲೊಲ್ಲದು. ಇಳಿಸಿಕೊಳ್ಳಲು ತೊಡಗುವುದು, ಅರ್ಧ ದಾರಿ ಹೋಗುವುದು, ಬಳಿಕ ‘ಆಗಲಿಲ್ಲ’ ಎಂದು ಒಂದು ಸಂಖ್ಯೆಯನ್ನು ತೋರಿಸಿ ಮೊದಲಿದ್ದಂತೆಯೇ ನಿಲ್ಲುವುದು. ಪೇಟೆಯ ಅಂಗಡಿಯವನೊಬ್ಬನು ನೋಡಿ, “ಒಳಗಿರುವುದನ್ನೆಲ್ಲ ಅಳಿಸಿ ಹೊಸದಾಗಿ ಹಾಕಬೇಕು, ಬೇರೆ ದಾರಿಯಿಲ್ಲ” ಎಂದನಂತೆ. “ಸ್ವಾಮಿ, ಅದರೊಳಗೆ ಕಾಲವಾದ ನನ್ನ ಮನೆಯವಳ ಭಾವಚಿತ್ರಗಳಿವೆ. ಅವಳು ಹೇಳಿದ ದೇವರನಾಮಗಳಿವೆ. ಬೇರೆಲ್ಲಿಯೂ ಅವುಗಳ ಪ್ರತಿಯಿಲ್ಲ. ತಿದ್ದುಪಡಿಯೇ ಬೇಡವೆಂದು ನಿಲ್ಲಿಸಿಬಿಡಲೆ?” ಎಂದು ಅವರು ಕೇಳಿದ್ದರು. ಇದೇ ಬಗೆಯ ಪ್ರಶ್ನೆಯನ್ನು ಇನ್ನೂ ಕೆಲವರು ಕೇಳಿರುವುದರಿಂದ ಈ ತಿಂಗಳ ಅಂಕಣವನ್ನು ಈ ವಿಷಯಕ್ಕೇ ಮೀಸಲಿಟ್ಟಿದ್ದೇವೆ.

ಅಂಗಡಿಯವನ ಸಲಹೆಯೂ ಸರಿಯಲ್ಲ, ಉಪಾಧ್ಯಾಯರ ಯೋಚನೆಯೂ ಸರಿಯಲ್ಲ ಎಂಬುದೇ ನಮ್ಮ ಅಭಿಪ್ರಾಯ. ಮೊದಲನೆಯದು ನೆಗಡಿ ಬಂತೆಂದು ಮೂಗನ್ನು ಕೊಯ್ದುಕೊಂಡಂತೆ. ಎರಡನೆಯದು ರಾತ್ರಿ ಬಾಗಿಲ ಅಗಳಿ ಬೀಳದಿದ್ದರೆ, ಹೋಗಲಿ ಎಂದು ತೆರೆದಿಟ್ಟೇ ಮಲಗಿದಂತೆ.

ತಿದ್ದುಪಡಿಯು ಏತಕ್ಕೆ ಬೇಕೆಂಬುದನ್ನು ಒಂದು ನಿದರ್ಶನದಿಂದ ತಿಳಿಯಬಹುದು. ಕಂಪ್ಯೂಟರಿನ ವ್ಯವಸ್ಥೆಯು ಮನುಷ್ಯರು ಬರೆದದ್ದು. ಅದರಲ್ಲಿ ಬಿರುಕುಗಳಿರುವುದು ಸಹಜ. 2017ನೆಯ ಮಾರ್ಚ್ 14ರಂದು ಮೈಕ್ರೋಸಾಫ್ಟ್ ಸಂಸ್ಥೆಯವರು ವಿಂಡೋಸಿನ ಅಂತಹ ಒಂದು ಬಿರುಕನ್ನು ಮುಚ್ಚುವ ತಿದ್ದುಪಡಿಯನ್ನು ಹೊರಡಿಸಿದರು. ಅದನ್ನು ಹಾಕಿಕೊಳ್ಳದೆ ಉಳಿದ ಯಂತ್ರಗಳು ಲೋಕದಲ್ಲಿ ಅಸಂಖ್ಯಾತವಾಗಿದ್ದವು. ಮೇ 12ರಂದು ‘ವಾನ್ನಾಕ್ರೈ’ ಎಂಬ ಪೀಡೆಯು ಅದೇ ಬಿರುಕಿನಲ್ಲಿ ನುಗ್ಗಿ, ಸುಮಾರು 150 ದೇಶಗಳಲ್ಲಿ ಎರಡು ಲಕ್ಷಕ್ಕೂ ಮಿಕ್ಕ ಕಂಪ್ಯೂಟರುಗಳ ಕಡತಗಳಿಗೆ ಬೀಗ ಜಡಿದು, ಬಿಡಿಸಲು 300 ಡಾಲರು ಕೊಡಬೇಕೆಂದು ಬೇಡಿತು. ಇಂಗ್ಲೆಂಡಿನ ಸಾರ್ವಜನಿಕ ಆರೋಗ್ಯ ವ್ಯವಸ್ಥೆಯ 236 ಆಡಳಿತ ಘಟಕಗಳ ಪೈಕಿ ಎಂಬತ್ತರಷ್ಟಕ್ಕೆ ತೊಂದರೆ ತಟ್ಟಿ, ಸಹಸ್ರಾರು ರೋಗಿಗಳ ಚಿಕಿತ್ಸೆಯ ದಿನಗಳು ರದ್ದಾದವು. ಔಷಧವು ಕೈಗೆ ಬಂದು 59 ದಿನಗಳಾಗಿದ್ದವೆಂಬುದನ್ನು ವಾಚಕರು ಗಮನಿಸಬೇಕು. ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದ ಗಾದೆಯು ಹೊಸ ಕಾಲಕ್ಕೂ ಸಲ್ಲುತ್ತದೆ.

ಹಾಗಾದರೆ ಯಂತ್ರವು ಒಲ್ಲೆನೆಂದಾಗ ಮಾಡತಕ್ಕದ್ದೇನು? ಅದು ಹಟಮಾರಿಯಲ್ಲ, ತನಗೇನೋ ಕೊರತೆಯಿದೆ ಎಂದು ಹೇಳುತ್ತಿದೆ. ಸುಲಭವಾದ ಕಾರಣವನ್ನು ಮೊದಲು, ಕಠಿಣವಾದುದನ್ನು ಕೊನೆಗೆ ಶೋಧಿಸುತ್ತ ಹೋಗುವುದೇ ಕ್ರಮ.

ಎಲ್ಲಕ್ಕಿಂತ ಮುಂಚೆ, ಭಾವಚಿತ್ರ, ಕಾಗದಪತ್ರ, ಲೆಕ್ಕ ಮುಂತಾದವುಗಳನ್ನು ಹೊರಗಿನ ಡಿಸ್ಕಿಗೆ ಪ್ರತಿಮಾಡಿಕೊಳ್ಳಬೇಕು. ಪ್ರತಿಯಾದ ಮೇಲೆ ಅದರಲ್ಲಿ ನಾಲ್ಕಾರನ್ನು ತೆರೆದು ನೋಡಿ, ಡಿಸ್ಕನ್ನು ಬೇರ್ಪಡಿಸಿ ಪೆಟ್ಟಿಗೆಯಲ್ಲಿಡಬೇಕು. ಇದನ್ನು ಮಾಡದೆ ಮುಂದಿನ ಯಾವ ಪ್ರಯತ್ನಕ್ಕೂ ಕೈಹಾಕಕೂಡದು.

ಎರಡನೆಯದಾಗಿ, ಯಂತ್ರವನ್ನು ‘ರೀಸ್ಟಾರ್ಟ್’ ಮಾಡಬೇಕು. ‘ಶಟ್‌ಡೌನ್’ ಮಾಡಿ ಮತ್ತೆ ಹಚ್ಚಿದರೂ ಅದೇ ಅಲ್ಲವೇ ಎಂದು ಕೇಳುವವರುಂಟು, ಅದೇ ಅಲ್ಲ. ಬೇಗನೆ ಏಳುವ ಸಲುವಾಗಿ ಈಗಿನ ವಿಂಡೋಸು ‘ಶಟ್‌ಡೌನ್’ ಎಂದಾಗ ತನ್ನ ಒಳಗಿನ ಸ್ಥಿತಿಯ ಒಂದು ಭಾಗವನ್ನು ಬರೆದಿಟ್ಟುಕೊಂಡು ಮಲಗುವುದುಂಟು. ‘ರೀಸ್ಟಾರ್ಟ್’ ಎಂದಾಗ ಮಾತ್ರ ಎಲ್ಲವನ್ನೂ ಹೊಸದಾಗಿ ಆರಂಭಿಸುವುದು.

ಮೂರನೆಯದಾಗಿ, ಪರದೆಯ ಮೂಲೆಯಲ್ಲಿರುವ ದಿನಾಂಕವನ್ನೂ ವೇಳೆಯನ್ನೂ ನೋಡಬೇಕು. ತಿದ್ದುಪಡಿಯನ್ನು ಕಳುಹಿಸುವ ಕಡೆಯ ಗುರುತುಪತ್ರವು ಇಂಥ ದಿನದಿಂದ ಇಂಥ ದಿನದವರೆಗೆ ಎಂದು ಸಲ್ಲತಕ್ಕದ್ದು. ಯಂತ್ರದ ಪಂಚಾಂಗವು ಹಲವು ವರ್ಷ ಹಿಂದೆ ಬಿದ್ದಿದ್ದರೆ ಅದು ಆ ಪತ್ರವನ್ನು ನಂಬುವುದಿಲ್ಲ. ಹಳೆಯ ಮೇಜಿನ ಕಂಪ್ಯೂಟರುಗಳಲ್ಲಿ ಗಡಿಯಾರವನ್ನು ನಡೆಸುವ ಬಿಲ್ಲೆಯಾಕಾರದ 3 ವೋಲ್ಟಿನ ಬ್ಯಾಟರಿಯು ಬತ್ತಿಹೋದಾಗ ಹೀಗಾಗುವುದು. ಅಲ್ಪ ಬೆಲೆಯ ಆ ಬಿಲ್ಲೆಯನ್ನು ಬದಲಾಯಿಸಿದರೆ ಸಾಕು.

ನಾಲ್ಕನೆಯದಾಗಿ, ಸಂಪರ್ಕ. ಮೊಬೈಲ್ ಫೋನಿನಿಂದ ಇಂಟರ್‌ನೆಟ್ ಪಡೆಯುವ ಮನೆಗಳಲ್ಲಿ ‘ಮೀಟರ್ಡ್ ಕನೆಕ್ಷನ್’ ಎಂಬ ಗುರುತು ಹಾಕಲ್ಪಟ್ಟಿದ್ದರೆ, ಖರ್ಚು ಹೆಚ್ಚೀತೆಂಬ ಭಯದಿಂದ ಯಂತ್ರವು ತಿದ್ದುಪಡಿಗಳನ್ನು ತಾನಾಗಿ ಇಳಿಸಿಕೊಳ್ಳದು. ವಿದ್ಯುಚ್ಛಕ್ತಿಯ ವಿಷಯದಲ್ಲಿಯೂ ಎಚ್ಚರ ಬೇಕು. ತಿದ್ದುಪಡಿಯು ನಡುವೆ ಇರುವಾಗ ಕರೆಂಟು ಹೋದರೆ ವ್ಯವಸ್ಥೆಯೇ ಕೆಡಬಹುದು, ಯು.ಪಿ.ಎಸ್. ಇಲ್ಲದವರು ಕರೆಂಟು ನಿಲ್ಲುವ ಹೊತ್ತನ್ನು ತಪ್ಪಿಸಿ ಈ ಕೆಲಸಕ್ಕೆ ತೊಡಗಬೇಕು.

ಐದನೆಯದು, ಎಲ್ಲಕ್ಕಿಂತ ಸಾಮಾನ್ಯವಾದುದು, ಸ್ಥಳಾಭಾವ. ಹೊಸ ಅಕ್ಕಿಯ ಮೂಟೆ ಬಂದಾಗ ಉಗ್ರಾಣದಲ್ಲಿ ಕಾಲಿಡಲೂ ಎಡೆಯಿಲ್ಲದಿದ್ದರೆ ಆಳು ಬಾಗಿಲಲ್ಲೇ ನಿಲ್ಲಬೇಕಷ್ಟೆ. ಪರದೆಯ ಮೇಲಿನ ಸಂಖ್ಯೆಯು 80070070 ಎಂದು ಮುಗಿದಿದ್ದರೆ ‘ಡಿಸ್ಕು ತುಂಬಿದೆ’ ಎಂದೇ ಅರ್ಥ. ಸೆಟ್ಟಿಂಗ್ಸಿನಲ್ಲಿ ಸಿಸ್ಟಮ್, ಅದರಲ್ಲಿ ಸ್ಟೋರೇಜ್, ಅದರಲ್ಲಿ ಟೆಂಪರರಿ ಫೈಲ್ಸ್ ಎಂಬಲ್ಲಿಗೆ ಹೋಗಿ ಕಸವನ್ನು ತೆಗೆಯಬಹುದು. ಆದರೆ ಆ ಪಟ್ಟಿಯಲ್ಲಿ ‘ಡೌನ್‌ಲೋಡ್ಸ್’ ಎಂಬುದೂ ಸೇರಿರುತ್ತದೆ. ಅದು ಕಸವಲ್ಲ, ನೀವು ಇಳಿಸಿಕೊಂಡಿಟ್ಟ ಕಾಗದಪತ್ರಗಳು ಅಲ್ಲಿರುವುವು. ನೋಡದೆ ಗುರುತು ಹಾಕಬೇಡಿರಿ.

ಇಷ್ಟರಿಂದಲೂ ಆಗದಿದ್ದರೆ, ಸೆಟ್ಟಿಂಗ್ಸಿನಲ್ಲಿಯೇ ಇರುವ ‘ಟ್ರಬಲ್‌ಶೂಟರ್’ ಎಂಬ ಶೋಧಕವನ್ನು ನಡೆಸಬೇಕು. ಅದಾದ ಮೇಲೆ ವ್ಯವಸ್ಥೆಯ ಕಡತಗಳನ್ನು ಸರಿಪಡಿಸುವ ಡಿಐಎಸ್‌ಎಂ, ಎಸ್‌ಎಫ್‌ಸಿ ಎಂಬ ಎರಡು ಆಜ್ಞೆಗಳನ್ನು ಅದೇ ಕ್ರಮದಲ್ಲಿ ಬಲ್ಲವರಿಂದ ಕೊಡಿಸಬಹುದು. ಈ ಆಜ್ಞೆಗಳು ನಿಮ್ಮ ಚಿತ್ರಗಳನ್ನಾಗಲಿ ಬರಹಗಳನ್ನಾಗಲಿ ಮುಟ್ಟುವುದಿಲ್ಲ.

ಕೆಲವೊಮ್ಮೆ ತಪ್ಪು ಗೃಹಸ್ಥನದಲ್ಲವೇ ಅಲ್ಲ. 2024ನೆಯ ಜನವರಿ 9ರಂದು ಹೊರಟ ವಿಂಡೋಸ್ 10ರ ತಿದ್ದುಪಡಿಯೊಂದು ಅನೇಕ ಕಂಪ್ಯೂಟರುಗಳಲ್ಲಿ 80070643 ಎಂಬ ಸಂಖ್ಯೆಯನ್ನು ತೋರಿಸಿ ನಿಂತಿತು. ದುರಸ್ತಿಗೆಂದು ಡಿಸ್ಕಿನಲ್ಲಿ ಬೇರೆಯಾಗಿ ಇಟ್ಟಿರುವ ಸಣ್ಣ ಭಾಗದಲ್ಲಿ 250 ಮೆಗಾಬೈಟು ಸ್ಥಳ ಬೇಕಾಗಿತ್ತು. ಬಹುತೇಕರಿಗೆ ಅಂತಹ ಭಾಗವಿದೆ ಎಂಬುದೇ ತಿಳಿಯದು. ಆಗ ಅವಸರದಿಂದ ಎಲ್ಲವನ್ನೂ ಅಳಿಸಿಕೊಂಡವರಿದ್ದರೆ ಅವರು ಅನಾವಶ್ಯಕವಾಗಿ ನಷ್ಟಪಟ್ಟರೆಂದೇ ಹೇಳಬೇಕು. ಇನ್ನು ವಿಂಡೋಸ್ 10 ಇರುವವರು ಒಂದನ್ನು ಅರಿತಿರಬೇಕು. ಅದರ ಸಾಮಾನ್ಯ ತಿದ್ದುಪಡಿಗಳು 2025ನೆಯ ಅಕ್ಟೋಬರ್ 14ರಂದು ಮುಗಿದುವು. ಅಂಥ ಯಂತ್ರವು ವಿಂಡೋಸ್ 11ನ್ನು ಒಲ್ಲದಿದ್ದರೆ ಅದು ರೋಗವಲ್ಲ. ಹೊಸ ವ್ಯವಸ್ಥೆಯು ಕೇಳುವ ಟಿ.ಪಿ.ಎಂ. 2.0 ಎಂಬ ರಕ್ಷಣಾಂಗವೇ ಮೊದಲಾದುವು ಅದರಲ್ಲಿ ಇಲ್ಲದಿರಬಹುದು.

ಒಂದು ಎಚ್ಚರಿಕೆಯ ಮಾತು. ‘ನಿಮ್ಮ ಕಂಪ್ಯೂಟರು ಕೆಟ್ಟಿದೆ, ಈ ನಂಬರಿಗೆ ಫೋನು ಮಾಡಿರಿ’ ಎಂದು ಪರದೆಯ ಮೇಲೆ ಬಂದರೆ ಅದು ಠಕ್ಕರ ಕೆಲಸ. ಮೈಕ್ರೋಸಾಫ್ಟಿನವರ ನಿಜವಾದ ದೋಷಸೂಚನೆಯಲ್ಲಿ ಫೋನಿನ ಸಂಖ್ಯೆಯು ಎಂದಿಗೂ ಇರುವುದಿಲ್ಲ.

ನಮ್ಮ ಉಪಾಧ್ಯಾಯರಿಗೆ ಈ ಕ್ರಮವನ್ನೇ ಬರೆದು ತಿಳಿಸಿದ್ದೆವು. ಮೂರು ವಾರಗಳಲ್ಲಿ ಉತ್ತರ ಬಂದಿತು. ಅವರು ತಮ್ಮ ಮೊಮ್ಮಗಳನ್ನು ಕೂರಿಸಿಕೊಂಡು ಮೊದಲು ಚಿತ್ರಗಳನ್ನೂ ಹಾಡುಗಳನ್ನೂ ಎರಡು ಡಿಸ್ಕುಗಳಿಗೆ ಪ್ರತಿಮಾಡಿ, ಒಂದನ್ನು ಮಗಳ ಮನೆಗೆ ಕೊಟ್ಟುಕಳುಹಿಸಿದರಂತೆ. ಆಮೇಲೆ ಸಂಖ್ಯೆಯನ್ನು ಓದಿದರೆ 80070070! ಡಿಸ್ಕಿನಲ್ಲಿ ಉಳಿದಿದ್ದುದು ಎರಡು ಗಿಗಾಬೈಟು ಮಾತ್ರ. ಮಿಕ್ಕದ್ದನ್ನು ಹುಡುಕಲಾಗಿ, ಫೋನಿನಿಂದ ಬಂದು ಸೇರಿದ್ದ ‘ಶುಭೋದಯ’ದ ಚಿತ್ರಗಳೂ ವಿಡಿಯೋಗಳೂ ಸಾವಿರಾರು ಇದ್ದವು. ಅವನ್ನು ಅಳಿಸಿದ ದಿನವೇ ತಿದ್ದುಪಡಿಯು ಕೂತಿತು. “ಊರವರ ಶುಭೋದಯಗಳಿಗಾಗಿ ನನ್ನವಳ ಧ್ವನಿಯನ್ನು ಕಳೆದುಕೊಳ್ಳುವುದರಲ್ಲಿದ್ದೆ” ಎಂದು ಅವರು ಬರೆದಿದ್ದಾರೆ.

ತಿಂಗಳ ತಿದ್ದುಪಡಿಯು ಅಮೆರಿಕದ ಲೆಕ್ಕದಲ್ಲಿ ಎರಡನೆಯ ಮಂಗಳವಾರ ಹೊರಡುವುದು. ನಮ್ಮಲ್ಲಿ ಆಗ ರಾತ್ರಿ ಬಹಳವಾಗಿರುವುದರಿಂದ ಮರುದಿನ ನೋಡಿಕೊಂಡರಾಯಿತು. ಪ್ರತಿ ತಿಂಗಳೂ ಆ ಬುಧವಾರ ಮೊದಲು ಪ್ರತಿ, ಆಮೇಲೆ ತಿದ್ದುಪಡಿ ಎಂಬ ನಿಯಮವನ್ನು ಗೃಹಸ್ಥರು ಇಟ್ಟುಕೊಳ್ಳಲೆಂದು ನಮ್ಮ ಅರಿಕೆ. ಯಂತ್ರವು ಕೆಟ್ಟರೆ ಇನ್ನೊಂದನ್ನು ಕೊಳ್ಳಬಹುದು. ಹೋದವರ ದನಿಯನ್ನು ಯಾವ ಅಂಗಡಿಯಲ್ಲಿ ಕೊಳ್ಳೋಣ?