ಕೇಳದ ಕಿವಿಗೆ ಸಂಸ್ಕೃತಿಯ ನೆಪ

ಪುಣೆಯ ಹಿಂಜೆವಾಡಿಯಲ್ಲೋ ಹೈದರಾಬಾದಿನ ಗಚ್ಚಿಬೌಲಿಯಲ್ಲೋ ಐಟಿ ಕೆಲಸಕ್ಕೆ ಸೇರಿದವರಲ್ಲಿ ಅನೇಕರು ಈ ಸ್ಲೈಡನ್ನು ನೋಡಿರುತ್ತಾರೆ. ವಿದೇಶಿ ಗ್ರಾಹಕರೊಡನೆ ವ್ಯವಹರಿಸುವುದು ಹೇಗೆ ಎಂಬ ಅರ್ಧ ದಿನದ ತರಬೇತಿ. ಪರದೆಯ ಮೇಲೆ 'ಅಧಿಕಾರದ ಅಂತರ' ಎಂಬ ಶೀರ್ಷಿಕೆ, ಕೆಳಗೆ ಮೂರು ಕಂಬ: ಭಾರತ 77, ಅಮೆರಿಕ 40, ನೆದರ್ಲೆಂಡ್ಸ್ 38. ನಮ್ಮವರಿಗೆ ಮೇಲಿನವರ ಮುಂದೆ 'ಆಗುವುದಿಲ್ಲ' ಎನ್ನಲು ಬರುವುದಿಲ್ಲ, ಅದು ನಮ್ಮ ಸಂಸ್ಕೃತಿ ಎಂದು ತರಬೇತುದಾರರು ನಗುತ್ತಾ ಹೇಳುತ್ತಾರೆ. ಕೇಳುವವರೂ ನಗುತ್ತಾರೆ. ಮೂರು ವಾರದ ಕೆಲಸವನ್ನು ಒಂದು ವಾರದಲ್ಲಿ ಮುಗಿಸಲು ಒಪ್ಪಿಕೊಂಡ ಮ್ಯಾನೇಜರಿಗೆ ಇದಕ್ಕಿಂತ ಒಳ್ಳೆಯ ವಕೀಲ ಸಿಗಲಾರ.

ಈ 77 ಎಲ್ಲಿಂದ ಬಂತು? ಡಚ್ ವಿದ್ವಾಂಸ ಗೀರ್ಟ್ ಹಾಫ್‌ಸ್ಟೀಡ್ 1967ರಿಂದ 1973ರ ನಡುವೆ ಐಬಿಎಂ ಎಂಬ ಒಂದೇ ಕಂಪನಿಯ ನೌಕರರು ತುಂಬಿದ ಪ್ರಶ್ನಾವಳಿಗಳಿಂದ ಇಂಥ ಅಂಕಿಗಳನ್ನು ತೆಗೆದರು. 1980ರಲ್ಲಿ ಪುಸ್ತಕವಾಗಿ ಪ್ರಕಟಿಸಿದರು. ಐಬಿಎಂ 1978ರಲ್ಲಿ ಭಾರತ ಬಿಟ್ಟು ಹೋಯಿತು, ಮತ್ತೆ ಬಂದಿತು. ಅಂಕಿ ಮಾತ್ರ ಕೂತಲ್ಲೇ ಕೂತಿದೆ. ದೇಶದ ಸರಾಸರಿಯನ್ನು ಒಬ್ಬ ವ್ಯಕ್ತಿಗೆ ಅಂಟಿಸಬಾರದು ಎಂದು ಹಾಫ್‌ಸ್ಟೀಡ್ ಅವರೇ ಎಚ್ಚರಿಸಿದ್ದರು. ಆ ಮಾತು ಸ್ಲೈಡಿನವರೆಗೆ ಬರುವುದಿಲ್ಲ.

ಅದಕ್ಕಿಂತ ಮುಖ್ಯವಾದ ಇನ್ನೊಂದು ಸಂಗತಿಯಿದೆ. ಈ ಅಂಕಿಯನ್ನು ಕಟ್ಟಿದ್ದು ಮೂರು ಪ್ರಶ್ನೆಗಳ ಮೇಲೆ. ಮೇಲಧಿಕಾರಿಯನ್ನು ಒಪ್ಪುವುದಿಲ್ಲ ಎನ್ನಲು ನೌಕರರು ಎಷ್ಟು ಸಲ ಹೆದರುತ್ತಾರೆ? ನಿಮ್ಮ ಮೇಲಧಿಕಾರಿ ಎಂಥವರು? ಎಂಥವರಿದ್ದರೆ ನಿಮಗೆ ಇಷ್ಟ? ಅಂದರೆ, ಮೂರರಲ್ಲಿ ಎರಡು ಪ್ರಶ್ನೆಗೆ ಸಿಕ್ಕಿದ್ದು ಕಚೇರಿಯಲ್ಲಿ ನೌಕರರು ಕಂಡದ್ದರ ವರದಿ. ಅಲ್ಲಿ ಭಯವಿದೆ, ಮೇಲಧಿಕಾರಿ ಇಂಥವರು ಎಂದು ಅವರು ಬರೆದುಕೊಟ್ಟರು. ಅದೇ ವರದಿ ಸ್ಲೈಡಿಗೆ ಏರುವಾಗ ನೌಕರರ ಹುಟ್ಟುಗುಣವಾಯಿತು. ದೂರು ಕೊಟ್ಟವನನ್ನೇ ಆರೋಪಿ ಮಾಡಿದ ಹಾಗೆ.

ಈ ವಾದದ ಬಲು ಜನಪ್ರಿಯ ರೂಪ ವಿಮಾನದ್ದು. 1997ರ ಆಗಸ್ಟ್ 6ರಂದು ಕೊರಿಯನ್ ಏರ್ 801 ಗುವಾಮ್‌ನ ಗುಡ್ಡಕ್ಕೆ ಬಡಿದು 228 ಜನ ಸತ್ತರು. ಕೊರಿಯಾದ ಕಿರಿಯರು ಹಿರಿಯರಿಗೆ ನೇರವಾಗಿ ಹೇಳಲಾರರು, ಅವರ ಭಾಷೆಯ ಗೌರವಸೂಚಕಗಳೇ ಅಡ್ಡಿ ಎಂಬ ವಿವರಣೆಯನ್ನು ಮಾಲ್ಕಮ್ ಗ್ಲಾಡ್‌ವೆಲ್ 2008ರ 'ಔಟ್‌ಲೈಯರ್ಸ್' ಪುಸ್ತಕದಲ್ಲಿ ಲೋಕಪ್ರಿಯಗೊಳಿಸಿದರು. ಅಮೆರಿಕದ ತನಿಖಾ ವರದಿ ಸಿಬ್ಬಂದಿಯನ್ನು ಬಿಟ್ಟಿಲ್ಲ: ಕ್ಯಾಪ್ಟನ್ ಇಳಿಯುವ ಕ್ರಮವನ್ನು ಸರಿಯಾಗಿ ನಿರ್ವಹಿಸಲಿಲ್ಲ, ಉಳಿದಿಬ್ಬರು ಸರಿಯಾಗಿ ನಿಗಾ ಇಡಲಿಲ್ಲ ಎಂದಿದೆ. ಜೊತೆಗೆ ಕ್ಯಾಪ್ಟನ್ನರ ದಣಿವು, ಕಂಪನಿಯ ಅಪೂರ್ಣ ತರಬೇತಿ, ತೀರ ಕೆಳಗೆ ಹಾರುವ ವಿಮಾನದ ಬಗ್ಗೆ ನಿಯಂತ್ರಕರನ್ನು ಎಚ್ಚರಿಸುವ ವ್ಯವಸ್ಥೆಯನ್ನು ಅಮೆರಿಕದ ಅಧಿಕಾರಿಗಳೇ ಗುವಾಮ್‌ನಲ್ಲಿ ಬೇಕೆಂದೇ ಕಟ್ಟಿಹಾಕಿದ್ದು, ಇವನ್ನೂ ಹೆಸರಿಸಿದೆ. ಕೊರಿಯನ್ ವ್ಯಾಕರಣ ಆ ಪಟ್ಟಿಯಲ್ಲಿಲ್ಲ.

ಇನ್ನು ಅಂತರ ಕಡಿಮೆಯಿರುವ ದೇಶದ ಕಥೆ. 1977ರ ಮಾರ್ಚ್ 27ರಂದು ಟೆನೆರಿಫ್‌ನ ಮಂಜಿನಲ್ಲಿ ಎರಡು ಜಂಬೊ ಜೆಟ್‌ಗಳು ಡಿಕ್ಕಿಯಾಗಿ 583 ಜನ ಸತ್ತರು. ರನ್‌ವೇ ಮೇಲೆ ಓಡಲಾರಂಭಿಸಿದ್ದ ಕೆಎಲ್‌ಎಂ ವಿಮಾನದಲ್ಲಿ ಫ್ಲೈಟ್ ಇಂಜಿನಿಯರ್ ಕೇಳಿದರು, ಆ ಇನ್ನೊಂದು ವಿಮಾನ ಇನ್ನೂ ದಾರಿ ಬಿಟ್ಟಿಲ್ಲವೇ? ಬಿಟ್ಟಿದೆ ಎಂದು ಕ್ಯಾಪ್ಟನ್ ಖಡಾಖಂಡಿತವಾಗಿ ಹೇಳಿದರು. ಪ್ರಶ್ನೆ, ಉತ್ತರ ಎರಡೂ ಡಚ್ ಭಾಷೆಯಲ್ಲಿ. ಅದು 38ರ ದೇಶ, ಹಾಫ್‌ಸ್ಟೀಡರ ಸ್ವಂತ ದೇಶ. ಆ ಅಪಘಾತಕ್ಕೆ 'ಡಚ್ಚರ ಸಂಸ್ಕೃತಿ' ಕಾರಣ ಎಂದು ಯಾವ ಸ್ಲೈಡೂ ಹೇಳುವುದಿಲ್ಲ. ಅವರಿಗೆ ತಪ್ಪುಗಳಿರುತ್ತವೆ, ನಮಗೆ ಸಂಸ್ಕೃತಿ ಇರುತ್ತದೆ.

ಕನ್ನಡಿಗರು ಅಷ್ಟು ದೂರ ಹೋಗಬೇಕಾಗಿಲ್ಲ. 2010ರ ಮೇ 22ರ ಬೆಳಗ್ಗೆ ದುಬೈನಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ ಮಂಗಳೂರಿನ ಬಜ್ಪೆಯಲ್ಲಿ ಟೇಬಲ್‌ಟಾಪ್ ರನ್‌ವೇ ದಾಟಿ ಕಣಿವೆಗೆ ಬಿತ್ತು. 158 ಜನ ಸತ್ತರು, 8 ಜನ ಉಳಿದರು. ಕ್ಯಾಪ್ಟನ್ ಸೆರ್ಬಿಯಾ ಮೂಲದವರು, ದಾರಿಯಲ್ಲಿ ಬಹುಹೊತ್ತು ನಿದ್ದೆ ಮಾಡಿದ್ದರು. ಸಹಪೈಲಟ್ ಭಾರತೀಯರು, 77ರ ಕಂಬದವರು. ಅವರು ಬಾಯಿ ಮುಚ್ಚಿಕೊಂಡು ಕೂತಿದ್ದರೇ? ಇಲ್ಲ. ಇಳಿಸಬೇಡಿ, ಮೇಲಕ್ಕೇರಿಸಿ ಎಂದು ಮೂರು ಸಲ ಹೇಳಿದರೆಂದು ವಿಚಾರಣಾ ವರದಿಯಲ್ಲಿದೆ. ಕ್ಯಾಪ್ಟನ್ ಇಳಿಸಿಯೇ ಬಿಟ್ಟರು. ಹಾಗಾದರೆ ಸಹಪೈಲಟ್ ತಾವೇ ನಿಯಂತ್ರಣ ತೆಗೆದುಕೊಳ್ಳಲಿಲ್ಲವೇಕೆ? ಹಾಗೆ ಮಾಡುವ ಅಧಿಕಾರ ಸಹಪೈಲಟ್‌ಗೆ ಇದೆಯೋ ಇಲ್ಲವೋ ಎಂಬ ಬಗ್ಗೆ ಸೂಚನೆಗಳಲ್ಲೇ ಗೊಂದಲವಿತ್ತು, ಬಹುಶಃ ಅದಕ್ಕೇ ಎನ್ನುತ್ತದೆ ವರದಿ. ಸೆರ್ಬಿಯಾದ ಅಂಕಿಯೂ ದೊಡ್ಡದೇ ಎಂದು ಈಗ ಯಾರಾದರೂ ಕೋಷ್ಟಕ ತೆರೆಯಬಹುದು. ತೆರೆಯಲಿ. ಟೆನೆರಿಫ್‌ನ ಸಾಲು ಅದೇ ಕೋಷ್ಟಕದಲ್ಲಿದೆ.

ಸಂಸ್ಕೃತಿಯೇ ಸುಳ್ಳು ಎಂದಲ್ಲ. ಕನ್ನಡದಲ್ಲಿ 'ನೋಡೋಣ' ಎಂದರೆ ಬಹುಪಾಲು ಸಲ 'ಇಲ್ಲ' ಎಂದೇ. ಮಗಳಿಗೆ ಬಂದ ಸಂಬಂಧದ ಬಗ್ಗೆ ಬೀಗರಾಗಬೇಕಿದ್ದವರು 'ನೋಡೋಣ' ಅಂದರೆ ಹೆಣ್ಣಿನ ತಂದೆ ಮರುದಿನವೇ ಬೇರೆ ಜಾತಕ ಹುಡುಕುತ್ತಾನೆ. ಅವನಿಗೆ ಯಾರೂ ತರಬೇತಿ ಕೊಟ್ಟಿಲ್ಲ. ಅದೇ ಊರಿನಿಂದ ಹೋಗಿ ಪುಣೆಯಲ್ಲಿ ಮ್ಯಾನೇಜರಾದವನಿಗೆ ತಂಡದ ಹುಡುಗಿ 'ಟ್ರೈ ಮಾಡ್ತೀನಿ ಸಾರ್, ಸ್ವಲ್ಪ ಟೈಟ್ ಇದೆ' ಅಂದದ್ದು ಮಾತ್ರ 'ಹೂಂ' ಎಂದು ಕೇಳಿಸುತ್ತದೆ. 'ನೀವು' ಎನ್ನುವ ಭಾಷೆಯಲ್ಲಿ 'ನೀವು ಮಾಡ್ತಿರೋದು ತಪ್ಪು' ಎನ್ನಲು ವ್ಯಾಕರಣದ ಅಡ್ಡಿಯೇನಿಲ್ಲ. ಅಡ್ಡಿ ಇರುವುದು ವರ್ಷದ ಕೊನೆಯ ರೇಟಿಂಗಿನಲ್ಲಿ.

ಅಮೆರಿಕದವರು ಇದನ್ನು ಕಲಿತದ್ದು ತಮ್ಮದೇ ಸಾವುಗಳಿಂದ. 1978ರ ಡಿಸೆಂಬರಿನಲ್ಲಿ ಪೋರ್ಟ್‌ಲ್ಯಾಂಡ್ ಬಳಿ ಯುನೈಟೆಡ್ ಏರ್‌ಲೈನ್ಸ್ ವಿಮಾನವೊಂದು ಇಂಧನ ಮುಗಿದು ಬಿದ್ದು 10 ಜನ ಸತ್ತರು. ಕ್ಯಾಪ್ಟನ್ ಚಕ್ರದ ತೊಂದರೆಯಲ್ಲೇ ಮುಳುಗಿದ್ದರು. ಇಂಧನದ ಬಗ್ಗೆ ಸಿಬ್ಬಂದಿ ಹೇಳಿದ್ದು ಅವರಿಗೆ ನಾಟಲಿಲ್ಲ. ಅಂಥವರಿಗೂ ಮೇಲಿನವರಿಗೆ ತಾಗುವಂತೆ ಹೇಳಲು ಆಗಿರಲಿಲ್ಲ! ಆದರೆ ಆ ಕಂಪನಿ ತನ್ನ ಪೈಲಟ್‌ಗಳನ್ನು ಕೂರಿಸಿ ಅಮೆರಿಕದ ಸಂಸ್ಕೃತಿಯ ಸ್ಲೈಡ್ ತೋರಿಸಲಿಲ್ಲ. 1981ರಲ್ಲಿ ಹೊಸ ತರಬೇತಿ ಶುರು ಮಾಡಿತು. ಅದರಲ್ಲಿ ಕಿರಿಯರು ಹೇಳುವುದನ್ನು ಕಲಿತರು, ಕ್ಯಾಪ್ಟನ್‌ಗಳು ಕೇಳುವುದನ್ನು.

ಹಿಂಜೆವಾಡಿಯ ಅರ್ಧ ದಿನದ ತರಬೇತಿಗೆ ಮ್ಯಾನೇಜರುಗಳು ಬರುವುದು ಕಡಿಮೆ. ಆ ಹೊತ್ತಿಗೆ ಅವರಿಗೆ ಮೀಟಿಂಗ್ ಇರುತ್ತದೆ.