ಗಿಡುಗಕ್ಕೆ ಜಾಗವಿರುವ ಊರು

1936ರಲ್ಲಿ ಕೆನಡಾದ ಮಾಂಟ್ರಿಯಲ್ ನಗರದಲ್ಲಿ, ಸನ್ ಲೈಫ್ ವಿಮಾ ಕಂಪನಿಯ ಬಹುಮಹಡಿ ಕಟ್ಟಡಕ್ಕೆ ಪೆರಿಗ್ರಿನ್ ಗಿಡುಗಗಳ ಜೋಡಿಯೊಂದು ಬಂದು ಸೇರಿಕೊಂಡಿತು. ಈ ಜಾತಿ ಗೂಡು ಕಟ್ಟುವುದಿಲ್ಲ. ಕಡ್ಡಿ ತರುವುದಿಲ್ಲ, ಹುಲ್ಲು ಹೆಣೆಯುವುದಿಲ್ಲ. ಕಡಿದಾದ ಬಂಡೆಯ ಚಾಚಿನಲ್ಲಿ ಸಿಕ್ಕ ಮಣ್ಣು ಮರಳನ್ನು ಕಾಲಿನಿಂದ ಕೆರೆದು, ಎದೆಯಿಂದ ಒತ್ತಿ, ಸಣ್ಣದೊಂದು ತಗ್ಗು ಮಾಡಿಕೊಂಡು ಅದರಲ್ಲೇ ಮೂರೋ ನಾಲ್ಕೋ ಕೆಂಗಂದು ಮೊಟ್ಟೆ ಇಡುತ್ತದೆ. ಮಾಂಟ್ರಿಯಲ್‌ನ ಕಟ್ಟಡದಲ್ಲಿ ಕೆರೆಯಲು ಮಣ್ಣಿರಲಿಲ್ಲ. ಬರಿಗಲ್ಲಿನ ಮೇಲೆ ಮೊಟ್ಟೆ ನಿಲ್ಲಲಿಲ್ಲ. ಕೊನೆಗೆ ಪಕ್ಷಿಪ್ರಿಯರೊಬ್ಬರು ಮರಳು, ಜಲ್ಲಿ ತುಂಬಿದ ತಟ್ಟೆಯೊಂದನ್ನು ಅಲ್ಲಿಟ್ಟರು. ಆಮೇಲೆ ಮರಿಗಳಾದವು. 1952ರವರೆಗೂ ಆ ಸಂಸಾರ ಅಲ್ಲಿ ನಡೆಯಿತು.

ಬಂಡೆಯ ಹಕ್ಕಿ ಪೇಟೆಗೆ ಯಾಕೆ ಬರುತ್ತದೆ ಎಂಬುದರಲ್ಲಿ ಗುಟ್ಟೇನೂ ಇಲ್ಲ. ಅದಕ್ಕೆ ಬೇಕಾದದ್ದು ಎರಡೇ: ಯಾರೂ ಹತ್ತಿ ಬರಲಾಗದ ಎತ್ತರ, ಹೊಟ್ಟೆ ತುಂಬುವಷ್ಟು ಹಕ್ಕಿಗಳು. ಎತ್ತರದಿಂದ ರೆಕ್ಕೆ ಮಡಚಿ ಗಂಟೆಗೆ 300 ಕಿಲೋಮೀಟರಿಗೂ ಮೀರಿದ ವೇಗದಲ್ಲಿ ಎರಗುವ ಈ ಹಕ್ಕಿ ಬೇಟೆಯನ್ನು ಗಾಳಿಯಲ್ಲೇ ಹೊಡೆಯುತ್ತದೆ. ಲಂಡನ್, ನ್ಯೂಯಾರ್ಕ್‌ಗಳಲ್ಲಿ ಚರ್ಚಿನ ಗೋಪುರ, ಸೇತುವೆ, ಕಚೇರಿಯ ಮಾಳಿಗೆಗಳೇ ಇಂದು ಅದರ ಬಂಡೆ. ಪಾರಿವಾಳವೇ ಅದರ ಊಟ.

ನಮ್ಮ ನಾಡಿಗೂ ಇದು ಹೊರಗಿನದಲ್ಲ. ದೂರದ ಉತ್ತರದ ಟಂಡ್ರಾದಲ್ಲಿ ಹುಟ್ಟಿದ ಪೆರಿಗ್ರಿನ್‌ಗಳು ಚಳಿಗಾಲದಲ್ಲಿ ವಲಸೆಯ ಬಾತುಗಳ ಬೆನ್ನಿಗೇ ನಮ್ಮ ಕೆರೆಗಳಿಗೆ ಬರುತ್ತವೆ. ಇದೇ ಜಾತಿಯ ಒಳಬಗೆಯಾದ ಶಾಹೀನ್ ಇಲ್ಲಿಯದೇ ಹಕ್ಕಿ. ಗಾತ್ರದಲ್ಲಿ ಕೊಂಚ ಚಿಕ್ಕದು, ಬೆನ್ನು ಕಪ್ಪು, ಹೊಟ್ಟೆ ಕಂದುಗೆಂಪು. ಬೆಟ್ಟದ ಬಂಡೆಗಳೇ ಅದರ ಮನೆ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೇ ಶತಮಾನದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಗಿಡುಗ ಸಾಕಿ ಬೇಟೆಯಾಡುವ ವಿನೋದಕ್ಕೂ ಸ್ಥಾನವಿದೆ. ಅರಸರು ಕೈಮೇಲೆ ಕೂರಿಸಿಕೊಂಡು ಮೆರೆಸಿದ ಹಕ್ಕಿಗಳಿಗೆ ಇಂದು ಕಾನೂನಿನ ರಕ್ಷಣೆಯಿದೆ. ಆದರೆ ಊರಿನ ಲೆಕ್ಕದಲ್ಲಿ ಅವುಗಳಿಗೆ ಜಾಗವಿಲ್ಲ.

ಮೈಸೂರಿನಲ್ಲಿ ಎತ್ತರಕ್ಕೂ ಕೊರತೆಯಿಲ್ಲ, ಪಾರಿವಾಳಕ್ಕೂ ಕೊರತೆಯಿಲ್ಲ. 1912ರಲ್ಲಿ ಪೂರ್ಣಗೊಂಡ ಅರಮನೆಯ ಗೋಪುರ 145 ಅಡಿ. ಸಂತ ಫಿಲೋಮಿನಾ ಚರ್ಚಿನ ಜೋಡಿ ಗೋಪುರಗಳು 175 ಅಡಿ. ಊರ ನೆತ್ತಿಗೆ ಚಾಮುಂಡಿ ಬೆಟ್ಟ. ಅರಮನೆಯ ಉತ್ತರ ದ್ವಾರದ ಕೋಟೆ ಆಂಜನೇಯನ ಗುಡಿಯ ಸುತ್ತ ಪಾರಿವಾಳಗಳಿಗೆ ಮೂಟೆಗಟ್ಟಲೆ ಕಾಳು ಸುರಿಯುತ್ತಿದ್ದುದನ್ನು ಊರೆಲ್ಲ ಕಂಡಿದೆ. ಹಿಕ್ಕೆಯ ಆಮ್ಲ ಪಾರಂಪರಿಕ ಕಟ್ಟಡಗಳ ಕಲ್ಲನ್ನೂ ಗಾರೆಯನ್ನೂ ತಿನ್ನುತ್ತದೆ ಎಂದು ತಜ್ಞರು ಎಚ್ಚರಿಸಿದ ಮೇಲೆ ಅದು ಊರಿನ ಚರ್ಚೆಯಾಯಿತು. ಹಸಿದ ಬಾಯಿಗೆ ಕಾಳು ಹಾಕುವ ದಯೆಯನ್ನು ನಾನು ಹಳಿಯುವುದಿಲ್ಲ. ಆದರೆ ಬೇಡದಷ್ಟು ಕಾಳು ಬಿದ್ದ ಕಡೆ ಬೇಡದಷ್ಟು ಪಾರಿವಾಳ ಹುಟ್ಟುತ್ತದೆ. ವರ್ಷವಿಡೀ ಮರಿ ಮಾಡುವ ಹಕ್ಕಿ ಅದು. ಒಂದೇ ಜೀವಿಗೆ ಉಣಿಸಿ, ಮಿಕ್ಕವುಗಳ ಕೆರೆ, ಮರ, ಬಂಡೆಗಳನ್ನು ಕಿತ್ತುಕೊಂಡರೆ ಅದು ಜೀವದಯೆಯಾಗದು.

ಗಿಡುಗ ಬಂದರೆ ಪಾರಿವಾಳದ ಕಾಟ ತೀರುತ್ತದೆ ಎಂದೂ ನಾನು ಹೇಳುತ್ತಿಲ್ಲ. ಒಂದು ಜೋಡಿ ದಿನಕ್ಕೆ ತಿನ್ನುವುದು ಎಷ್ಟು? ಅದರ ಬೆಲೆ ಇರುವುದು ಬೇರೆ ಕಡೆ. ಆಹಾರದ ಸರಪಳಿಯ ತುದಿಯಲ್ಲಿ ಕೂತ ಪ್ರಾಣಿಯ ಮೈಯಲ್ಲಿ ಕೆಳಗಿನ ಎಲ್ಲ ವಿಷವೂ ಬಂದು ಸೇರುತ್ತದೆ. ಎರಡನೇ ಮಹಾಯುದ್ಧದ ನಂತರ ಹೊಲಗಳಿಗೆ ಸುರಿದ ಡಿಡಿಟಿ ಎಂಬ ಕೀಟನಾಶಕ ಕಾಳಿನಿಂದ, ಹುಳುವಿನಿಂದ ಚಿಕ್ಕ ಹಕ್ಕಿಗೆ, ಅದರಿಂದ ಗಿಡುಗಕ್ಕೆ ಏರಿತು. ಮೊಟ್ಟೆಯ ಚಿಪ್ಪು ಎಷ್ಟು ತೆಳುವಾಯಿತೆಂದರೆ, ಕಾವಿಗೆ ಕೂತ ತಾಯಿಯ ಭಾರಕ್ಕೇ ಒಡೆಯತೊಡಗಿತು. ಬ್ರಿಟನ್ನಿನ ಡೆರೆಕ್ ರ್‍ಯಾಟ್‌ಕ್ಲಿಫ್ 1967ರಲ್ಲಿ ಹಳೆಯ ಸಂಗ್ರಹಗಳ ಮೊಟ್ಟೆಗಳನ್ನು ಹೊಸವುಗಳೊಂದಿಗೆ ಹೋಲಿಸಿ ಇದನ್ನು ತೋರಿಸಿಕೊಟ್ಟರು. ಅಮೆರಿಕದ ಪೂರ್ವ ಭಾಗದಲ್ಲಂತೂ ಪೆರಿಗ್ರಿನ್ ಸಂತತಿಯೇ ಅಳಿದುಹೋಗಿತ್ತು. ಆ ದೇಶ 1972ರಲ್ಲಿ ಡಿಡಿಟಿ ನಿಷೇಧಿಸಿತು. ಕಾರ್ನೆಲ್ ವಿಶ್ವವಿದ್ಯಾಲಯದ ಟಾಮ್ ಕೇಡ್ ಮತ್ತು ಸಂಗಡಿಗರು ಮರಿಗಳನ್ನು ಬೆಳೆಸಿ ಬಿಟ್ಟರು. 1999ರಲ್ಲಿ ಪೆರಿಗ್ರಿನ್ ಅಲ್ಲಿನ ಅಪಾಯದ ಪಟ್ಟಿಯಿಂದ ಹೊರಬಂದಿತು. ಭಾರತದ ಕೃಷಿಯಲ್ಲಿ ಡಿಡಿಟಿ ನಿಷೇಧವಾದದ್ದು 1989ರಲ್ಲಿ.

ಆದ್ದರಿಂದ ಗಿಡುಗ ಬಾಳಬಲ್ಲ ಊರೆಂದರೆ ನೀರು, ಕಾಳು, ಗಾಳಿಯಲ್ಲಿ ವಿಷ ಕಡಿಮೆ ಇರುವ ಊರು. ಅಂಥ ಊರು ಮಕ್ಕಳಿಗೂ ಒಳ್ಳೆಯದೇ. ಮೈಸೂರಿಗೆ ಇದು ಆಗದ ಮಾತಲ್ಲ. ಪಕ್ಷಿತಜ್ಞ ಸಲೀಂ ಅಲಿ ಹೇಳಿದ ಮಾತನ್ನು ಕೇಳಿ 1940ರಲ್ಲಿ ರಂಗನತಿಟ್ಟನ್ನು ಪಕ್ಷಿಧಾಮ ಮಾಡಿದ ಸಂಸ್ಥಾನ ಇದು. ಕುಕ್ಕರಹಳ್ಳಿ ಕೆರೆಗೆ ಕೊಳಚೆ ಸೇರದಂತೆ ನೋಡಿಕೊಳ್ಳಬೇಕು. 2021ರ ಮಳೆಯಲ್ಲಿ ನಂದಿ ರಸ್ತೆ ಕುಸಿದು ಎಚ್ಚರಿಸಿದ ಚಾಮುಂಡಿ ಬೆಟ್ಟದ ಮೇಲೆ ಇನ್ನಷ್ಟು ಕಾಂಕ್ರೀಟು ಹೇರಬಾರದು. ಪಾರಿವಾಳಕ್ಕೆ ಸುರಿಯುವ ಕಾಳಿನ ದುಡ್ಡಿನಲ್ಲಿ ಒಂದಿಷ್ಟನ್ನು ಕೆರೆಯ ದಂಡೆಯ ಮರಗಳಿಗೆ ಕೊಟ್ಟರೆ ನೂರು ಬಗೆಯ ಹಕ್ಕಿಗೆ ಉಣಿಸಿದ ಪುಣ್ಯ ಬರುತ್ತದೆ. ಓದುಗರು ಇಷ್ಟನ್ನು ತಮ್ಮ ವಾರ್ಡಿನ ಪ್ರತಿನಿಧಿಗಳ ಹತ್ತಿರ ಗಟ್ಟಿಯಾಗಿ ಕೇಳಬೇಕೆಂಬುದು ನನ್ನ ವಿನಂತಿ.