ಗಾವಠಿ ಔಷಧಕ್ಕೊಂದು ದಾಖಲೆ ಬೇಕು

ನಿಲಂಗಾ, ಉದಗೀರ ತಾಲೂಕುಗಳು 1956ರಲ್ಲಿ ಬೀದರ ಜಿಲ್ಲೆಯಿಂದ ಕಳಚಿ ಇಂದು ಮಹಾರಾಷ್ಟ್ರವಾಗಿರುವ ಅಂದಿನ ಮುಂಬಯಿ ರಾಜ್ಯದ ಪಾಲಾದುವು. ನೆರೆಯ ಉಮರ್ಗಾ ಸೀಮೆಯೂ ಅತ್ತಲೇ ಸೇರಿತು. ತುರೋರಿಯೇ ಮೊದಲಾದ ಈ ಎರೆನೆಲದ ಊರುಗಳಲ್ಲಿ, ಶಾಲೆಯಲ್ಲಿ ಮರಾಠಿಯನ್ನು ಕಲಿತರೂ ಒಲೆಯ ಮುಂದೆ ಕನ್ನಡವನ್ನೇ ಆಡುತ್ತ ಬಂದ ಮನೆತನಗಳ ನಡುವೆ, ಕಾಮಣಿಗೆ ನೆಲನೆಲ್ಲಿಯನ್ನರೆದು ಕುಡಿಸುವ, ಉಳುಕಿದ ಕೀಲನ್ನು ಎಣ್ಣೆ ಹಚ್ಚಿ ನೀವುವ, ಸರ್ಪಸುತ್ತಿಗೆ ಕೆಮ್ಮಣ್ಣನ್ನು ಲೇಪಿಸುವ ಹಿರಿಯರು ಇನ್ನೂ ಉಳಿದಿರುವರು. ಹಣವನ್ನು ಮುಟ್ಟಿದರೆ ಕೈಗುಣ ಕೆಡುವುದೆಂಬ ನಂಬಿಕೆ ಅವರಲ್ಲಿ ಅನೇಕರದು. ದೂರದ ಐರ್ಲೆಂಡಿನ ಹಳ್ಳಿಗಳಲ್ಲಿಯೂ ವಂಶಪರಂಪರೆಯಿಂದ ಮದ್ದು ಕೊಡುವವರು ಇದೇ ನೇಮವನ್ನು ಪಾಲಿಸಿಕೊಂಡು ಬಂದಿರುವುದು ನನಗೆ ಪರಮಾದರಣೀಯವಾಗಿ ತೋರುತ್ತದೆ.

ಆದರೆ ಆದರವು ವಿವೇಕವನ್ನು ನುಂಗಬಾರದು. ಕಾಮಣಿಯು ಬಹುಮಟ್ಟಿಗೆ ಕೆಲವು ವಾರಗಳಲ್ಲಿ ತಾನಾಗಿಯೇ ಶಮನವಾಗುವ ವ್ಯಾಧಿಯಾದುದರಿಂದ ಅದರ ಶ್ರೇಯಸ್ಸು ನೆಲನೆಲ್ಲಿಗೆ ಸಂದರೂ ಆಗುವ ಹಾನಿ ವಿರಳ. ಹಾವು ಚೇಳುಗಳ ವಿಷಯ ಹಾಗಲ್ಲ. ಈ ತಾಲೂಕುಗಳೂ ಸೇರಿರುವ ಮರಾಠವಾಡದ ಜಾಲನಾ ಜಿಲ್ಲೆಯಲ್ಲಿ ಹುಟ್ಟಿದ ಡಾ. ಹಿಮ್ಮತರಾವ್ ಬಾವಸ್ಕರ್ ಅವರು, ಕೆಂಪು ಚೇಳಿನ ಕಡಿತಕ್ಕೆ ಪ್ರಾಜೋಸಿನ್ ಎಂಬ ಅಗ್ಗದ ಗುಳಿಗೆಯನ್ನು ಕೊಟ್ಟು, ನೂರಕ್ಕೆ ನಲವತ್ತರಷ್ಟಿದ್ದ ಮರಣವನ್ನು ಒಂದರ ಸಮೀಪಕ್ಕೆ ಇಳಿಸಿ ತೋರಿಸಿದ ಮೇಲೆಯೂ ಮಂತ್ರಕ್ಕಾಗಿ ಗಳಿಗೆಗಳನ್ನು ಕಳೆಯುವುದು ಅಕ್ಷಮ್ಯ. ಮೂಢನಂಬಿಕೆಗಳ ವಿರುದ್ಧ ಹೋರಾಡಿದ ನರೇಂದ್ರ ದಾಭೋಲಕರರ ಹತ್ಯೆಯಾದ 2013ರಲ್ಲಿಯೇ ಮಹಾರಾಷ್ಟ್ರವು ತಂದ ಶಾಸನವು, ನಾಯಿ, ಹಾವು, ಚೇಳು ಕಡಿದವರನ್ನು ವೈದ್ಯೋಪಚಾರದಿಂದ ತಡೆದು ಮಂತ್ರತಂತ್ರಕ್ಕೆ ಒಪ್ಪಿಸುವುದನ್ನು ಅಪರಾಧವೆಂದು ಸಾರಿದೆ. ಅದು ಸರಿಯಾದ ಶಾಸನ.

ನಿಷೇಧವೊಂದರಿಂದಲೇ ಕರ್ತವ್ಯ ಮುಗಿಯದು. ಐರ್ಲೆಂಡಿನಲ್ಲಿ 1937ರಿಂದ 1939ರವರೆಗೆ ಸುಮಾರು ಐವತ್ತು ಸಾವಿರ ಶಾಲಾಮಕ್ಕಳು ತಮ್ಮ ಮನೆಯ, ನೆರೆಯ ವೃದ್ಧರನ್ನು ಕೇಳಿ, ಊರ ಮದ್ದುಗಳನ್ನೂ ಒಳಗೊಂಡ ಜಾನಪದವನ್ನು ವಹಿಗಳಲ್ಲಿ ಬರೆದಿಟ್ಟರು. ಆ ಸಂಗ್ರಹವು ಇಂದಿಗೂ ಡಬ್ಲಿನ್ನಿನಲ್ಲಿ ಸುರಕ್ಷಿತವಾಗಿದೆ. ನಮ್ಮಲ್ಲಿ 2002ರ ಜೀವವೈವಿಧ್ಯ ಅಧಿನಿಯಮವನ್ನು ಅನುಸರಿಸಿ ಪಂಚಾಯತಿಗಳು ಸಸ್ಯಗಳನ್ನೂ ಅವುಗಳ ಬಳಕೆಯ ಜ್ಞಾನವನ್ನೂ ದಾಖಲಿಸಬೇಕಾಗಿದೆ. ಯಾವ ಸೊಪ್ಪು, ಯಾವ ಋತುವಿನಲ್ಲಿ, ಎಷ್ಟು ಪ್ರಮಾಣ, ಯಾವ ಪಥ್ಯ ಎಂಬುದೆಲ್ಲ ಅಜ್ಜಿಯ ಕನ್ನಡದಲ್ಲಿರುವಾಗ, ಮೊಮ್ಮಗನ ಮರಾಠಿಗೆ ಅದು ದಾಟದೆ ಹೋದರೆ, ಪರೀಕ್ಷಿಸಿ ನೋಡುವುದಕ್ಕೂ ಏನೂ ಉಳಿಯದು.

ಆದುದರಿಂದ ಉಮರ್ಗಾ, ನಿಲಂಗಾ, ಉದಗೀರಗಳ ಉಪಾಧ್ಯಾಯರಲ್ಲಿಯೂ ಪಂಚಾಯತಿ ಸದಸ್ಯರಲ್ಲಿಯೂ ನನ್ನ ವಿಜ್ಞಾಪನೆಯಿಷ್ಟೆ: ಆ ದಾಖಲೆಯಲ್ಲಿ ಮರಾಠಿಯ ಪಕ್ಕದಲ್ಲಿ ಕನ್ನಡದ ಹೆಸರುಗಳನ್ನೂ ಬರೆಯಿಸಿರಿ, ವಿಷ ಏರಿದವರನ್ನು ಮಾತ್ರ ತಡಮಾಡದೆ ಆಸ್ಪತ್ರೆಗೆ ಕಳುಹಿಸಿರಿ.